ತಪ್ಪಿಗೆ ಹೆಸರಿಟ್ಟು ಹೇಳುವುದು

‘ದೇವರೇ, ನನ್ನ ಪಾಪಗಳನ್ನೆಲ್ಲ ಕ್ಷಮಿಸು’ ಎಂದು ವರ್ಷಗಟ್ಟಲೆ ಪ್ರಾರ್ಥಿಸಿಯೂ ಮನಸ್ಸು ಹಗುರಾಗದವರು ಬಹಳ ಮಂದಿ. ಪ್ರಾರ್ಥನೆ ಸುಳ್ಳಲ್ಲ. ಅದು ತೀರಾ ಸಗಟು, ಅಷ್ಟೇ. ‘ಎಲ್ಲ’ ಎಂದವರು ಒಂದನ್ನೂ ಹೇಳಿರುವುದಿಲ್ಲ. ಮಾತ್ರೆ ನುಂಗಲು ತಡಮಾಡಿದ ವಯಸ್ಸಾದ ತಾಯಿಯ ಮೇಲೆ ರೇಗಿದ್ದು, ಸಹೋದ್ಯೋಗಿ ಮಾಡಿದ ಕೆಲಸವನ್ನು ಮೇಲಿನವರ ಮುಂದೆ ತನ್ನದೆಂದು ಹೇಳಿಕೊಂಡದ್ದು, ಸಾಲ ಕೊಟ್ಟವರ ಫೋನ್ ಬಂದಾಗ ಬೇಕೆಂದೇ ಎತ್ತದೆ ಬಿಟ್ಟದ್ದು, ಇವೆಲ್ಲ ಆ ಒಂದು ಮಾತಿನ ಅಡಿಯಲ್ಲಿ ಇದ್ದಲ್ಲೇ ಇರುತ್ತವೆ. ನಿದ್ದೆ ಬಾರದ ರಾತ್ರಿ ಎದ್ದು ಬರುವುದು ಇವೇ. ಸಗಟು ಪಾಪ ಯಾರ ನಿದ್ದೆಯನ್ನೂ ಕೆಡಿಸುವುದಿಲ್ಲ.

ಈ ದಾರಿಯಲ್ಲಿ ನಡೆದವರಿಗೆ ಬೇಗನೆ ತಿಳಿಯುವ ಸಂಗತಿಯೊಂದಿದೆ. ಹೆಸರಿಟ್ಟು ಹೇಳಿದ ತಪ್ಪಿನ ವಿಷಯದಲ್ಲಿ ಮಾತ್ರ ‘ಕ್ಷಮೆ ಸಿಕ್ಕಿತು’ ಎಂಬುದು ಮನಸ್ಸಿಗೆ ನಾಟುತ್ತದೆ. ದೇವರಿಗೆ ಪಟ್ಟಿ ಬೇಕು ಅಂತಲ್ಲ, ಆತನಿಗೆ ಮೊದಲೇ ಗೊತ್ತು. ಪಟ್ಟಿ ಬೇಕಾದದ್ದು ನಮಗೆ. ಒಳ್ಳೆಯವರಂತೆ ಕಾಣಿಸಿಕೊಂಡು ಪಡೆದ ಪ್ರೀತಿಯನ್ನು ಯಾರೂ ಪೂರ್ತಿ ನಂಬಲಾರರು. ನಿಜ ಗೊತ್ತಾದರೆ ಏನು ಗತಿ ಎಂಬ ಅಳುಕು ಒಳಗೇ ಇರುತ್ತದೆ. ದೇವರ ಪ್ರೀತಿಯ ವಿಷಯದಲ್ಲೂ ಆಗುವುದು ಇದೇ. ಆ ದಿನ, ಆ ಮಾತು, ಆ ಮುಖ ಎಂದು ಎತ್ತಿ ಮುಂದಿಟ್ಟ ಮೇಲೂ ಆತನು ಮುಖ ತಿರುಗಿಸಲಿಲ್ಲ ಎಂದು ಗೊತ್ತಾದಾಗಲೇ ಆ ಪ್ರೀತಿ ಕೇಳಿದ ಸುದ್ದಿಯಾಗಿ ಉಳಿಯದೆ ನಮ್ಮದಾಗುತ್ತದೆ.

ಕ್ರೈಸ್ತ ಸಭೆಗೆ ಇದು ಹಳೆಯ ತಿಳುವಳಿಕೆ. ಬೈಬಲಿನ ಯಾಜಕಕಾಂಡ 5:5ರ ಪ್ರಕಾರ ತಪ್ಪಿತಸ್ಥನು ತಾನು ಯಾವ ವಿಷಯದಲ್ಲಿ ಪಾಪ ಮಾಡಿದನೋ ಆ ವಿಷಯವನ್ನೇ ಅರಿಕೆ ಮಾಡಬೇಕು. ಕಥೋಲಿಕ ಸಭೆಯ 1983ರ ಕಾನೂನು ಸಂಹಿತೆ ಗಂಭೀರ ಪಾಪಗಳನ್ನು ಅವುಗಳ ಬಗೆ ಮತ್ತು ಎಣಿಕೆಯ ಸಮೇತ ನಿವೇದಿಸಬೇಕು ಎನ್ನುತ್ತದೆ. ಹೊರಗಿನಿಂದ ನೋಡಿದರೆ ಲೆಕ್ಕಪತ್ರದ ಕೆಲಸದಂತೆ ಕಾಣುವ ಈ ನಿಯಮದ ಹಿಂದೆ ಮನುಷ್ಯನ ಮನಸ್ಸನ್ನು ಚೆನ್ನಾಗಿ ಬಲ್ಲವರ ವಿವೇಕವಿದೆ. ಕಾಲಿನಲ್ಲಿ ಮುಳ್ಳು ಎಲ್ಲಿ ಮುರಿದಿದೆ ಎಂದು ತೋರಿಸದೆ ಅದನ್ನು ತೆಗೆಸಿಕೊಳ್ಳಲಾಗುವುದಿಲ್ಲ.

ದಿನದ ಕೊನೆಯ ಕಾಲು ಗಂಟೆ

ಹೆಸರಿಡುವ ಕೆಲಸಕ್ಕೆ ದಿನಕ್ಕೆ ಹದಿನೈದು ನಿಮಿಷ ಸಾಕು. ಯೇಸುಸಭೆ ಎಂಬ ಕಥೋಲಿಕ ಸನ್ಯಾಸಿಗಳ ಸಂಘವನ್ನು ಕಟ್ಟಿದ ಸಂತ ಇಗ್ನೇಷಿಯಸ್ (1491–1556) ಇದಕ್ಕೆ ಐದು ಹೆಜ್ಜೆಗಳ ಒಂದು ಕ್ರಮ ಹಾಕಿಕೊಟ್ಟರು. ಅದು ಇಂದಿಗೂ ಕಥೋಲಿಕರಲ್ಲಷ್ಟೇ ಅಲ್ಲ, ಬೇರೆ ಸಭೆಗಳವರಲ್ಲೂ ಬಳಕೆಯಲ್ಲಿದೆ. ಮೊದಲು ಆ ದಿನ ಸಿಕ್ಕ ಒಳ್ಳೆಯದಕ್ಕೆ ವಂದನೆ ಹೇಳುವುದು. ಆಮೇಲೆ ತಪ್ಪುಗಳನ್ನು ಕಾಣುವ ಬೆಳಕಿಗಾಗಿ ಬೇಡುವುದು. ಮೂರನೆಯದಾಗಿ ಎದ್ದ ಹೊತ್ತಿನಿಂದ ಈ ಕ್ಷಣದವರೆಗೆ ಗಂಟೆ ಗಂಟೆಯಾಗಿ ದಿನವನ್ನು ನೋಡುತ್ತ ಬರುವುದು, ಯೋಚನೆ, ಮಾತು, ಕೆಲಸ ಎಂಬ ಕ್ರಮದಲ್ಲಿ. ನಾಲ್ಕನೆಯದು ಕ್ಷಮೆ ಬೇಡುವುದು. ಐದನೆಯದು ನಾಳೆ ತಿದ್ದಿಕೊಳ್ಳುವ ನಿರ್ಧಾರ.

ಹೆಚ್ಚಿನವರು ಬಿಟ್ಟುಬಿಡುವುದು ಮೊದಲ ಹೆಜ್ಜೆಯನ್ನು. ತಪ್ಪು ಹುಡುಕಲು ಕೂತಿರುವಾಗ ವಂದನೆ ಯಾಕೆ ಎನಿಸುತ್ತದೆ. ಆದರೆ ಅದನ್ನು ಬಿಟ್ಟವರ ಆತ್ಮಶೋಧನೆ ಸುಮಾರು ಎರಡು ವಾರದಲ್ಲಿ ತನ್ನನ್ನು ತಾನೇ ಬೈದುಕೊಳ್ಳುವ ಅಭ್ಯಾಸವಾಗುತ್ತದೆ, ಮೂರನೆಯ ವಾರಕ್ಕೆ ನಿಂತೇ ಹೋಗುತ್ತದೆ. ಪ್ರೀತಿಸುವವರ ಎದುರು ಕೂತಿದ್ದೇನೆ ಎಂಬ ನೆನಪಿಲ್ಲದೆ ತಪ್ಪು ನೋಡಲು ಹೊರಟರೆ ಎರಡೇ ದಾರಿ ಉಳಿಯುತ್ತವೆ, ಒಂದು ಹೆದರಿಕೆ, ಇನ್ನೊಂದು ಸಮಜಾಯಿಷಿ. ವಂದನೆಯೂ ನಿರ್ದಿಷ್ಟವಾಗಿರಲಿ. ‘ಎಲ್ಲಕ್ಕಾಗಿ ಸ್ತೋತ್ರ’ ಎನ್ನುವ ಬದಲು, ಮಧ್ಯಾಹ್ನ ದಣಿದಿದ್ದಾಗ ಕೇಳದೆಯೇ ಒಬ್ಬರು ಕುರ್ಚಿ ಬಿಟ್ಟುಕೊಟ್ಟದ್ದಕ್ಕೆ ಎಂಬಷ್ಟು ಸಣ್ಣದಕ್ಕಿಳಿದರೆ ಒಳ್ಳೆಯದು. ಮೂರು ಸಾಕು.

ಹಾಸಿಗೆಯಲ್ಲಿ ಮಲಗಿ ಇದನ್ನು ಮಾಡಬೇಡಿ. ಎರಡನೆಯ ಹೆಜ್ಜೆಗೇ ನಿದ್ದೆ ಬರುತ್ತದೆ, ಮರುದಿನ ಅದೇ ಒಂದು ತಪ್ಪಾಗಿ ಪಟ್ಟಿಗೆ ಸೇರುತ್ತದೆ! ಕುರ್ಚಿಯೋ ಚಾಪೆಯೋ, ಬೆನ್ನು ನೆಟ್ಟಗಿರಲಿ, ಫೋನ್ ಇನ್ನೊಂದು ಕೋಣೆಯಲ್ಲಿರಲಿ. ರಾತ್ರಿ ಊಟಕ್ಕೆ ಮುಂಚಿನ ಹೊತ್ತು ಹೊಂದುವವರೂ ಇದ್ದಾರೆ. ಅದರಲ್ಲಿ ಇನ್ನೊಂದು ಅನುಕೂಲವಿದೆ. ಯಾರಲ್ಲಾದರೂ ಕ್ಷಮೆ ಕೇಳಬೇಕಾಗಿ ಬಂದರೆ ಅವರು ಇನ್ನೂ ಎಚ್ಚರವಾಗಿರುತ್ತಾರೆ. ಕೋಪದ ಮೇಲೆ ಸೂರ್ಯ ಮುಳುಗದಿರಲಿ ಎಂಬ ಎಫೆಸದ ಪತ್ರದ (4:26) ಮಾತನ್ನು ಕಾರ್ಯಕ್ಕಿಳಿಸಲು ಸಮಯ ಉಳಿಯುತ್ತದೆ.

ಈಗ ವಾಕ್ಯ ಹೇಗಿರಬೇಕು ಎಂಬ ವಿಷಯ. ಎಡವುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ‘ನಾನು ಸಿಡುಕ’ ಎನ್ನುವುದು ತಪ್ಪೊಪ್ಪಿಗೆಯಲ್ಲ, ಅದು ಸ್ವಭಾವದ ವರ್ಣನೆ. ಸ್ವಭಾವಕ್ಕೆ ಕ್ಷಮೆ ಬೇಡಿದರೆ ಪಡೆದ ಹಾಗೂ ಅನಿಸುವುದಿಲ್ಲ, ಬಿಡಲೂ ಆಗುವುದಿಲ್ಲ. ‘ಇವತ್ತು ಮಧ್ಯಾಹ್ನ ಮಗಳು ಅದೇ ಲೆಕ್ಕವನ್ನು ಮತ್ತೆ ಕೇಳಿದಾಗ, ನಿನಗೆ ತಲೆ ಇಲ್ಲವಾ ಅಂದೆ. ಅವಳು ಪುಸ್ತಕ ಮುಚ್ಚಿ ಎದ್ದು ಹೋದಳು’ ಎಂಬುದು ತಪ್ಪೊಪ್ಪಿಗೆ. ಇದರಲ್ಲಿ ಯಾರು, ಯಾವಾಗ, ಏನು ಎಂಬುದೆಲ್ಲ ಇದೆ. ಅದಕ್ಕಿಂತ ಮುಖ್ಯವಾಗಿ ಆ ಕಡೆಯವರಿಗೆ ಏನಾಯಿತು ಎಂಬುದೂ ಇದೆ. ಈ ಕೊನೆಯ ಭಾಗವನ್ನು ನಾವು ಸದಾ ಮರೆಯುತ್ತೇವೆ. ನಮ್ಮ ಮನಸ್ಸಿಗೆ ಏನಾಯಿತು ಎಂಬುದನ್ನು ಮಾತ್ರ ವಿವರವಾಗಿ ದೇವರಿಗೆ ಹೇಳುತ್ತೇವೆ.

ವಾಕ್ಯದೊಳಗೆ ‘ಯಾಕೆಂದರೆ’ ಬಂದರೆ ಅಲ್ಲಿಗೆ ನಿಲ್ಲಿಸಿ. ಕಾರಣ ನಿಜವೇ ಇರಬಹುದು, ಅದನ್ನು ಬೇರೆ ವಾಕ್ಯವಾಗಿ ಆಮೇಲೆ ಹೇಳಬಹುದು. ಒಂದೇ ವಾಕ್ಯದಲ್ಲಿ ಎರಡೂ ಸೇರಿದರೆ ಕಾರಣವು ತಪ್ಪನ್ನು ನುಂಗಿಬಿಡುತ್ತದೆ. ಒಂದು ದಿನಕ್ಕೆ ಎರಡೋ ಮೂರೋ ಸಂಗತಿಗಳಿಗೆ ಮಿತಿ ಹಾಕಿಕೊಳ್ಳಿ. ಹತ್ತು ಬರೆದವರು ಹತ್ತನ್ನೂ ತಿದ್ದಿಕೊಳ್ಳುವುದಿಲ್ಲ, ಯಾವುದು ಭಾರವಾದದ್ದು ಎಂಬ ಅಂದಾಜನ್ನೂ ಕಳೆದುಕೊಳ್ಳುತ್ತಾರೆ. ಬರೆಯುವವರು ಚೀಟಿಯಲ್ಲಿ ಬರೆದು ಪ್ರಾರ್ಥನೆ ಮುಗಿದ ಮೇಲೆ ಹರಿದುಹಾಕಿ. ಡೈರಿಯಲ್ಲಿ ಇಟ್ಟುಕೊಂಡರೆ ಕ್ಷಮಿಸಲ್ಪಟ್ಟದ್ದನ್ನು ಮತ್ತೆ ಮತ್ತೆ ತೆರೆದು ಓದುವ ಚಾಳಿ ಬೀಳುತ್ತದೆ.

ಪಾಪವಲ್ಲದ್ದನ್ನು ಪಟ್ಟಿಗೆ ಸೇರಿಸದಿರುವುದೂ ಅಷ್ಟೇ ಮುಖ್ಯ. ಅಸೂಯೆ ಮನಸ್ಸಿಗೆ ಬಂದದ್ದು ಪಾಪವಲ್ಲ. ಬಂದದ್ದನ್ನು ಕೂರಿಸಿ ಉಪಚಾರ ಮಾಡಿದ್ದು, ಅದರ ಮಾತು ಕೇಳಿ ಒಬ್ಬರ ಬಗ್ಗೆ ಚಾಡಿ ಹೇಳಿದ್ದು ಪಾಪ. ಪ್ರಾರ್ಥನೆಯಲ್ಲಿ ಮನಸ್ಸು ಅಲೆದದ್ದು, ರೋಗಿಯನ್ನು ನೋಡಿಕೊಳ್ಳುತ್ತ ಸುಸ್ತಾದದ್ದು, ದುಃಖವಾದದ್ದು ಇವು ದೌರ್ಬಲ್ಯಗಳು. 1 ಅರಸುಗಳು 19ರಲ್ಲಿ ಪ್ರವಾದಿ ಎಲೀಯನು ಸಾವನ್ನು ಬೇಡುತ್ತಾನೆ. ದೇವರು ಅವನಿಗೆ ಬುದ್ಧಿ ಹೇಳಲಿಲ್ಲ. ನಿದ್ದೆ, ಬಿಸಿಕಲ್ಲಿನ ಮೇಲೆ ಸುಟ್ಟ ರೊಟ್ಟಿ, ನೀರು, ಮತ್ತೆ ನಿದ್ದೆ, ಮತ್ತೆ ಊಟ. ಮಾತು ಬಂದದ್ದು ನಲವತ್ತು ದಿನದ ನಡಿಗೆಯ ನಂತರ. ನಿದ್ದೆಗೆಟ್ಟು ಮೂರು ರಾತ್ರಿಯಾದವರು ಆತ್ಮಶೋಧನೆಗೆ ಕೂರುವ ಬದಲು ಮಲಗುವುದೇ ಆ ದಿನದ ವಿಧೇಯತೆ.

ಮೂರನೆಯ ವಾಕ್ಯ

ಹೆಸರಿಟ್ಟದ್ದಾಯಿತು. ಬೇಡುವುದು ಹೇಗೆ? ಲೂಕ 15ರಲ್ಲಿ ಯೇಸುಸ್ವಾಮಿ ಹೇಳಿದ ಕಳೆದುಹೋದ ಮಗನ ಸಾಮ್ಯದಲ್ಲಿ, ಅಂದರೆ ದೃಷ್ಟಾಂತ ಕಥೆಯಲ್ಲಿ, ಓದುವಾಗ ಕಣ್ತಪ್ಪುವ ಒಂದು ವಿವರವಿದೆ. ಮನೆ ಬಿಟ್ಟು ಹೋಗಿ ಹಂದಿ ಕಾಯುತ್ತಿದ್ದವನು ತಂದೆಗೆ ಹೇಳಬೇಕಾದ ಮಾತನ್ನು ಮೊದಲೇ ಕೂಡಿಸಿಕೊಳ್ಳುತ್ತಾನೆ. ಅದರಲ್ಲಿ ಮೂರು ಭಾಗ. ಪರಲೋಕಕ್ಕೂ ನಿನಗೂ ವಿರೋಧವಾಗಿ ಪಾಪ ಮಾಡಿದೆ ಎಂಬುದು ಒಂದು, ನಿನ್ನ ಮಗ ಎನಿಸಿಕೊಳ್ಳಲು ಯೋಗ್ಯನಲ್ಲ ಎಂಬುದು ಎರಡು, ಕೂಲಿಯವರಲ್ಲಿ ಒಬ್ಬನಂತೆ ಇಟ್ಟುಕೋ ಎಂಬುದು ಮೂರು. ಮನೆ ಮುಟ್ಟಿದಾಗ ಅವನ ಬಾಯಿಂದ ಬಂದದ್ದು ಎರಡೇ. ಮೂರನೆಯದಕ್ಕೆ ತಂದೆ ಅವಕಾಶವನ್ನೇ ಕೊಡಲಿಲ್ಲ, ನಿಲುವಂಗಿ ತರಲು ಆಳುಗಳಿಗೆ ಹೇಳಿಯಾಗಿತ್ತು.

ಪ್ರತಿದಿನದ ಬದುಕಿನಲ್ಲಿ ನಮ್ಮನ್ನು ಕಟ್ಟಿಹಾಕುವುದು ಈ ಮೂರನೆಯ ವಾಕ್ಯವೇ. ‘ಒಂದು ತಿಂಗಳು ಸರಿಯಾಗಿ ನಡೆದು ತೋರಿಸುತ್ತೇನೆ, ಆಮೇಲೆ ಚರ್ಚಿನಲ್ಲಿ ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುತ್ತೇನೆ’, ‘ಈ ಉಪವಾಸ ಮುಗಿಯಲಿ, ಆಮೇಲೆ ನೆಮ್ಮದಿಯಾಗಿರಲು ನನಗೆ ಹಕ್ಕುಂಟು’ ಎಂದು ನಾವೇ ಕೂಲಿ ಗೊತ್ತುಮಾಡಿಕೊಳ್ಳುತ್ತೇವೆ. ನೋಡುವವರಿಗೆ ಇದು ದೀನತೆ. ಒಳಗೆ ಇದು ಚೌಕಾಸಿ. ತಪ್ಪು ಒಪ್ಪಿಕೊಂಡವರು ಎರಡು ವಾಕ್ಯ ಹೇಳಿ ಬಾಯಿ ಮುಚ್ಚಬೇಕು. ತನ್ನ ತಪ್ಪನ್ನು ಎತ್ತಿ ತೋರಿಸಿದ ಪ್ರವಾದಿ ನಾತಾನನ ಮಾತು ಕೇಳಿದ ಅರಸ ದಾವೀದ (2 ಸಮುವೇಲ 12:13) ಹೇಳಿದ್ದು ಒಂದೇ ವಾಕ್ಯ, ಕರ್ತನಿಗೆ ವಿರೋಧವಾಗಿ ಪಾಪ ಮಾಡಿದ್ದೇನೆ ಎಂದು. ಅದೇ ವಚನದಲ್ಲಿ ಕ್ಷಮೆಯ ಉತ್ತರವೂ ಬಂತು. ಆದರೆ ಪರಿಣಾಮಗಳು ಹೋಗಲಿಲ್ಲ, ದಾವೀದನ ಮನೆಯ ಮುಂದಿನ ಅಧ್ಯಾಯಗಳು ಕಣ್ಣೀರಿನವು. ಕ್ಷಮೆ ಸಿಕ್ಕಿದ ಮೇಲೂ ಬಡ್ಡಿ ಕಟ್ಟುವುದು, ಮುರಿದ ಮಾತುಕತೆ ಕೂಡಿಬರಲು ಕಾಯುವುದು, ಆರೋಗ್ಯ ಹಾಳಾಗಿದ್ದರೆ ಔಷಧಿ ನುಂಗುವುದು ಇದ್ದೇ ಇರುತ್ತದೆ. ಇವನ್ನು ‘ದೇವರು ಇನ್ನೂ ಕ್ಷಮಿಸಿಲ್ಲ’ ಎಂಬುದಕ್ಕೆ ಸಾಕ್ಷಿಯಾಗಿ ಓದಿಕೊಳ್ಳುವುದು ತೀರಾ ಸಾಮಾನ್ಯವಾದ ತಪ್ಪು.

ಇನ್ನೊಂದು ತೊಡಕು, ಏನೂ ಅನಿಸದಿರುವುದು. ಕಣ್ಣೀರು ಬರಲಿಲ್ಲ, ಎದೆ ಹಗುರಾಗಲಿಲ್ಲ, ಪ್ರಾರ್ಥನೆ ಗೋಡೆಗೆ ಹೇಳಿದಂತಾಯಿತು. 1 ಯೋಹಾನ 1:9 ಕ್ಷಮೆಯನ್ನು ನಮ್ಮ ಅನಿಸಿಕೆಯ ಮೇಲೆ ನಿಲ್ಲಿಸಿಲ್ಲ, ದೇವರು ನಂಬಿಗಸ್ತನೂ ನೀತಿವಂತನೂ ಎಂಬುದರ ಮೇಲೆ ನಿಲ್ಲಿಸಿದೆ. ಅನಿಸಿಕೆ ದಿನಗಟ್ಟಲೆ ತಡವಾಗಿ ಬರಬಹುದು, ಕೆಲವರಿಗೆ ಬಾರದೆಯೂ ಇರಬಹುದು. ಹೇಳಿದ ದಿನವನ್ನು ಗುರುತಿಟ್ಟುಕೊಂಡು ಮುಂದೆ ಹೋಗಬೇಕು. ಒಬ್ಬರೇ ಹೇಳಿಕೊಂಡು ಸಾಕಾಗದಿದ್ದರೆ ಇನ್ನೊಬ್ಬರ ಕಿವಿ ಬೇಕು. ಕಥೋಲಿಕರಿಗೆ ಪಾಪನಿವೇದನೆಯ ಸಂಸ್ಕಾರವಿದೆ. ಅಲ್ಲಿ ಕೇಳಿದ್ದನ್ನು ಗುರುಗಳು ಯಾವ ಕಾರಣಕ್ಕೂ ಹೊರಗೆ ಹೇಳುವಂತಿಲ್ಲ. ಉಳಿದವರು ಯಾಕೋಬ 5:16ರಂತೆ ಒಬ್ಬರಿಗೊಬ್ಬರು ಹೇಳಿಕೊಳ್ಳಬಹುದು. ಆ ಒಬ್ಬರು ಯಾರಾಗಬೇಕು ಎಂಬುದರಲ್ಲಿ ಎಚ್ಚರ ಬೇಕು. ವಿಷಯದಲ್ಲಿ ತಾವೇ ಪಾಲುದಾರರಾದವರು ಬೇಡ, ಕೇಳಿದ ಕೂಡಲೇ ‘ಅದೇನು ದೊಡ್ಡದಲ್ಲ ಬಿಡು’ ಎನ್ನುವವರು ಬೇಡ, ‘ಇವರಿಗಾಗಿ ಪ್ರಾರ್ಥಿಸಿ’ ಎಂಬ ನೆಪದಲ್ಲಿ ಊರಿಗೆಲ್ಲ ಹಂಚುವವರಂತೂ ಖಂಡಿತ ಬೇಡ. ಈ ಕೊನೆಯ ವರ್ಗದವರಿಂದ ಸಭೆಗಳಲ್ಲಿ ಆಗಿರುವ ನೋವು ಅಷ್ಟಿಷ್ಟಲ್ಲ.

ಮತ್ತೆ ಬರುವ ಅಪರಾಧಿ ಭಾವ

ಒಮ್ಮೆ ಹೆಸರಿಟ್ಟು ಹೇಳಿ ಮುಗಿಸಿದ್ದು ಆರು ತಿಂಗಳಾದ ಮೇಲೆ ಅದೇ ತೀವ್ರತೆಯಿಂದ ತಿರುಗಿ ಬರುತ್ತದೆ. ಆಗ ಮಾಡಬೇಕಾದ ಪರೀಕ್ಷೆ ಸರಳ. ಅದು ಏನನ್ನಾದರೂ ಮಾಡು ಎನ್ನುತ್ತಿದೆಯೇ? ‘ಆ ದುಡ್ಡು ಇನ್ನೂ ಹಿಂದಿರುಗಿಸಿಲ್ಲ’ ಎಂದರೆ ಅದು ಕೇಳಬೇಕಾದ ದನಿ, ಎದ್ದು ಹೋಗಿ ಕೊಟ್ಟು ಬನ್ನಿ. ‘ನೀನು ಇಷ್ಟೇ, ನಿನ್ನ ಹಣೆಬರಹವೇ ಇಷ್ಟು’ ಎಂದು ಮಾತ್ರ ಹೇಳುತ್ತಿದ್ದರೆ ಅದು ದೇವರ ದನಿಯಲ್ಲ. 2 ಕೊರಿಂಥ 7:10 ಎರಡು ಬಗೆಯ ದುಃಖವನ್ನು ಬೇರೆ ಮಾಡುತ್ತದೆ. ಒಂದು ತಿರುಗಿಕೊಳ್ಳುವಂತೆ ಮಾಡುತ್ತದೆ, ಇನ್ನೊಂದು ಸಾವಿನ ಕಡೆಗೆ ಒಯ್ಯುತ್ತದೆ. ಯೇಸುವಿನ ಶಿಷ್ಯರಾದ ಪೇತ್ರನೂ ಯೂದನೂ ಒಂದೇ ರಾತ್ರಿ ಗುರುವನ್ನು ಬಿಟ್ಟುಕೊಟ್ಟವರು, ಇಬ್ಬರೂ ಪಶ್ಚಾತ್ತಾಪಪಟ್ಟವರು. ಒಬ್ಬ ಮತ್ತೆ ಗುರುವಿನ ಮುಖ ನೋಡಲು ಉಳಿದ, ಇನ್ನೊಬ್ಬ ತನ್ನ ತೀರ್ಪನ್ನು ತಾನೇ ಕೊಟ್ಟುಕೊಂಡ.

ಪೇತ್ರನಿಗೆ ಆದದ್ದನ್ನು ಯೋಹಾನ 21ರಲ್ಲಿ ನಿಧಾನವಾಗಿ ಓದಬೇಕು. ಮಹಾಯಾಜಕನ ಅಂಗಳದಲ್ಲಿ ಕೆಂಡದ ಬೆಂಕಿ ಕಾಯಿಸಿಕೊಳ್ಳುತ್ತ ಅವನು ಮೂರು ಸಲ ‘ಅವನನ್ನು ಅರಿಯೆ’ ಎಂದಿದ್ದ. ಈಗ ಸಮುದ್ರದ ದಡದಲ್ಲಿ ಮತ್ತೆ ಕೆಂಡದ ಬೆಂಕಿ, ಅದರ ಮೇಲೆ ಮೀನು, ಜೊತೆಗೆ ರೊಟ್ಟಿ. ಯೇಸುಸ್ವಾಮಿ ಮೊದಲು ಊಟ ಕೊಟ್ಟರು. ಆಮೇಲೆ ಮೂರು ಸಲ ಒಂದೇ ಪ್ರಶ್ನೆ ಕೇಳಿದರು, ನನ್ನನ್ನು ಪ್ರೀತಿಸುತ್ತೀಯಾ ಎಂದು. ಮೂರನೆಯ ಸಲ ಪೇತ್ರನಿಗೆ ನೋವಾಯಿತು ಎಂದು ಬರೆದಿದೆ. ಯಾಕೆ ಮಾಡಿದೆ ಎಂಬ ಪ್ರಶ್ನೆ ಎಲ್ಲೂ ಇಲ್ಲ, ಇನ್ನು ಮುಂದೆ ಮಾಡಬೇಡ ಎಂಬ ಎಚ್ಚರಿಕೆಯೂ ಇಲ್ಲ. ಪ್ರತಿ ಉತ್ತರಕ್ಕೂ ಒಂದು ಕೆಲಸ ಒಪ್ಪಿಸಿದರು, ನನ್ನ ಕುರಿಗಳನ್ನು ಮೇಯಿಸು. ಬಿದ್ದವನಿಗೆ ತನ್ನದನ್ನು ಒಪ್ಪಿಸಿಕೊಟ್ಟದ್ದು ಕ್ಷಮಿಸಿದ್ದೇನೆ ಎಂಬ ಮಾತಿಗಿಂತ ಗಟ್ಟಿ. ಅಪರಾಧಿ ಭಾವ ಬಿಡದೆ ಕಾಡುವವರು ಪ್ರಾರ್ಥನೆಯನ್ನು ಉದ್ದ ಮಾಡುವುದಕ್ಕಿಂತ ಯಾರಿಗಾದರೂ ಉಪಯೋಗವಾಗುವ ಒಂದು ಕೆಲಸವನ್ನು ವಾರಕ್ಕೊಮ್ಮೆ ಹಿಡಿದುಕೊಂಡರೆ ಹೆಚ್ಚು ಫಲ ಕಾಣುತ್ತಾರೆ.

ಆದರೆ ಒಂದೇ ತಪ್ಪನ್ನು ದಿನಕ್ಕೆ ಹತ್ತು ಸಲ ಹೇಳಿದರೂ ‘ಸರಿಯಾಗಿ ಹೇಳಿದೆನೋ ಇಲ್ಲವೋ’ ಎಂಬ ಸಂಶಯ ಹೋಗದಿದ್ದರೆ, ಪ್ರಾರ್ಥನೆಯ ಒಂದು ಪದ ತಪ್ಪಿದರೂ ಮೊದಲಿನಿಂದ ಶುರುಮಾಡಬೇಕು ಎನಿಸಿದರೆ, ಅದು ಭಕ್ತಿಯ ಪ್ರಶ್ನೆಯಾಗಿ ಉಳಿದಿಲ್ಲ. ಮುಂದೆ ಪ್ರೊಟೆಸ್ಟಂಟ್ ಸುಧಾರಣೆಗೆ ನಾಂದಿ ಹಾಡಿದ ಮಾರ್ಟಿನ್ ಲೂಥರ್ ಮಠದಲ್ಲಿದ್ದಾಗ ಗಂಟೆಗಟ್ಟಲೆ ಪಾಪನಿವೇದನೆ ಮಾಡಿ, ಹೊರಬಂದ ಮೇಲೆ ಮರೆತದ್ದು ನೆನಪಾಗಿ ಮತ್ತೆ ಹೋಗುತ್ತಿದ್ದರು. ಅವರ ಗುರು ಯೋಹಾನ್ ಫಾನ್ ಸ್ಟೌಪಿಟ್ಸ್ ಅವರ ಕಣ್ಣನ್ನು ತಪ್ಪುಗಳ ಪಟ್ಟಿಯಿಂದ ಕ್ರಿಸ್ತನ ಗಾಯಗಳ ಕಡೆಗೆ ತಿರುಗಿಸಿದರು. ಇಂಥ ಸಂಶಯ ಗೀಳು ಕಾಯಿಲೆಯ ಒಂದು ರೂಪವೂ ಆಗಿರಬಹುದು. ಅದಕ್ಕೆ ಮನೋವೈದ್ಯರಲ್ಲಿ ಒಳ್ಳೆಯ ಚಿಕಿತ್ಸೆಯಿದೆ. ಇಂಥವರು ಮೇಲೆ ಹೇಳಿದ ಕಾಲು ಗಂಟೆಯ ಅಭ್ಯಾಸವನ್ನೂ ಸದ್ಯಕ್ಕೆ ಬಿಡಬೇಕು, ವಂದನೆಯ ಹೆಜ್ಜೆಯನ್ನಷ್ಟೇ ಇಟ್ಟುಕೊಳ್ಳಬೇಕು. ವೈದ್ಯರ ಬಳಿ ಹೋಗುವುದು ವಿಶ್ವಾಸದ ಕೊರತೆ ಎನ್ನುವವರ ಮಾತಿಗೆ ಕಿವಿಗೊಡಬೇಕಾಗಿಲ್ಲ.

ಮನುಷ್ಯರ ಮುಂದೆ

ದೇವರ ಮುಂದೆ ಹೇಳಿಯಾದ ಮೇಲೆ ಮನುಷ್ಯರ ಮುಂದೆ ಹೋಗುವುದು ತಪ್ಪುವುದಿಲ್ಲ. ಮತ್ತಾಯ 5:23–24ರಲ್ಲಿ ಕ್ರಮವೇ ತಿರುಗಿದೆ. ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಹಾಗೇ ಬಿಟ್ಟು ಮೊದಲು ಸಹೋದರನ ಹತ್ತಿರ ಹೋಗು ಎಂದಿದೆ. ಗಲಿಲಾಯದವರು ಕೇಳಿದ ಮಾತು ಇದು. ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ, ಹೋಗಿಬರಲು ದಿನಗಳೇ ಬೇಕು. ಹೇಳಿದ ಕೆಲಸ ಸಣ್ಣದಲ್ಲ ಎಂದು ಕೇಳಿದವರಿಗೆ ಗೊತ್ತಿತ್ತು.

ದುಡ್ಡಿನ ವಿಷಯವಾದರೆ ಮಾತಿಗೆ ಮುಂಚೆ ದುಡ್ಡು. ಮೋಸದಿಂದ ಪಡೆದದ್ದನ್ನು ಪೂರ್ತಿ ಹಿಂದಿರುಗಿಸಿ, ಅದಕ್ಕೆ ಐದನೆಯ ಒಂದು ಪಾಲು ಸೇರಿಸಿ ಕೊಡಬೇಕೆಂದು ಯಾಜಕಕಾಂಡ 6:5 ಹೇಳುತ್ತದೆ. ನೂರಕ್ಕೆ ಇಪ್ಪತ್ತು. ಜಕ್ಕಾಯ ನಾಲ್ಕರಷ್ಟು ಕೊಡುತ್ತೇನೆಂದ (ಲೂಕ 19:8). ಅದು ಕದ್ದು ಕೊಯ್ದ ಕುರಿಗೆ ವಿಮೋಚನಕಾಂಡ 22:1 ಹಾಕಿದ ದಂಡ. ಸುಂಕದವನಾಗಿದ್ದ ತನ್ನ ಸಂಪಾದನೆಗೆ ಅವನು ಕಳ್ಳತನದ ದರವನ್ನೇ ಹಾಕಿಕೊಂಡ. ಒಟ್ಟಿಗೆ ಕೊಡಲಾಗದವರು ಕಂತು ಹೇಳಿ ಕೊಡಲಿ. ಮೊದಲ ಕಂತನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಲಿ. ಬರಿಗೈಯಲ್ಲಿ ಹೋಗಿ ಅಳುವುದು ಎದುರಿನವರ ಮೇಲೆ ಇನ್ನೊಂದು ಹೊರೆ.

ಮಾತಿನ ವಿಷಯದಲ್ಲಿ ಕೆಲವು ಸಂಗತಿಗಳು ಪ್ರತಿಸಲವೂ ಕೆಲಸ ಕೆಡಿಸುತ್ತವೆ. ‘ನಿಮಗೆ ಬೇಜಾರಾಗಿದ್ದರೆ ಕ್ಷಮಿಸಿ’ ಎಂಬಲ್ಲಿ ತಪ್ಪು ಅವರ ಬೇಜಾರಿನದಾಯಿತು. ‘ಆದರೆ ನೀವೂ ಅವತ್ತು…’ ಎಂದರೆ ಬಂದದ್ದು ಜಗಳ ಮುಂದುವರಿಸಲು. ‘ಕ್ಷಮಿಸಿದೆ ಅಂತ ಹೇಳಿ’ ಎಂದು ಕೂತಲ್ಲೇ ಪಟ್ಟುಹಿಡಿಯುವುದೂ ಒಂದು ಬಲವಂತ. ಮೂರು ವಾಕ್ಯ ಸಾಕು. ನಾನು ಮಾಡಿದ್ದು ಇದು, ಅದರಿಂದ ನಿಮಗೆ ಇಂಥದ್ದಾಯಿತು, ಸರಿಪಡಿಸಲು ಇದನ್ನು ಮಾಡುತ್ತೇನೆ. ಆಮೇಲೆ ಸುಮ್ಮನಿರುವುದು. ಅವರು ಬೈದರೆ ಕೇಳಿಸಿಕೊಳ್ಳುವುದು. ಬಾಗಿಲು ಹಾಕಿಕೊಂಡರೆ ಹಿಂದಿರುಗುವುದು. ನಿಮ್ಮ ಕೈಲಾದಷ್ಟು ಎಂದು ರೋಮಾಪುರದವರ ಪತ್ರ (12:18) ಸಮಾಧಾನಕ್ಕೆ ಮಿತಿ ಹಾಕಿದೆ. ಇನ್ನೊಬ್ಬರ ಪಾಲಿನದು ನಮ್ಮ ಕೈಯಲ್ಲಿಲ್ಲ. ಎದುರು ಕೂತು ಹೇಳಬಹುದಾದದ್ದನ್ನು ವಾಟ್ಸಾಪ್‌ನಲ್ಲಿ ಕಳಿಸಬೇಡಿ. ಎರಡು ನೀಲಿ ಗೆರೆ ಬಂದ ಮೇಲೆ ಉತ್ತರಕ್ಕಾಗಿ ಕಾಯುವ ಸಂಕಟ ಇಬ್ಬರಿಗೂ ಬೇಡ.

ಹೇಳಲೇಬಾರದ ಅರಿಕೆಯೂ ಇದೆ. ಒಬ್ಬರ ಬಗ್ಗೆ ಮನಸ್ಸಿನಲ್ಲೇ ಹೊಟ್ಟೆಕಿಚ್ಚು ಪಟ್ಟದ್ದನ್ನು ಅವರಿಗೆ ಹೋಗಿ ಹೇಳಿದರೆ ನಮ್ಮ ಭಾರ ಇಳಿದು ಅವರ ತಲೆಗೇರುತ್ತದೆ. ಅವರಿಗೆ ಗೊತ್ತಿಲ್ಲದ, ಅವರಿಗೆ ಹಾನಿಯಾಗದ ಒಳಗಿನ ಪಾಪ ದೇವರ ಮುಂದೆಯೇ ಮುಗಿಯಲಿ.

ಕ್ಷಮಿಸುವವರ ಲೆಕ್ಕ

ನಮಗೆ ನೋವು ಕೊಟ್ಟವರನ್ನು ಕ್ಷಮಿಸುವಾಗಲೂ ಹೆಸರಿಡುವ ಕೆಲಸವೇ ಮೊದಲನೆಯದು. ಮತ್ತಾಯ 18ರ ಸಾಮ್ಯದಲ್ಲಿ ಒಬ್ಬ ಆಳು ಅರಸನಿಗೆ ಹತ್ತು ಸಾವಿರ ತಲಾಂತು ಕೊಡಬೇಕಿತ್ತು. ಒಂದು ತಲಾಂತು ಸುಮಾರು 6000 ದಿನಾರಿ, ಒಂದು ದಿನಾರಿ ಒಂದು ದಿನದ ಕೂಲಿ. ಅಲ್ಲಿಗೆ ಸಾಲ ಆರು ಕೋಟಿ ದಿನದ ಕೂಲಿ, ತಲೆಮಾರುಗಳು ದುಡಿದರೂ ತೀರದ್ದು. ಅದನ್ನು ಮನ್ನಾ ಮಾಡಿಸಿಕೊಂಡು ಹೊರಬಂದವನು ನೂರು ದಿನಾರಿ ಬಾಕಿಯಿಟ್ಟಿದ್ದ ಜೊತೆಯಾಳಿನ ಕುತ್ತಿಗೆ ಹಿಡಿದ. ಉಪದೇಶಗಳಲ್ಲಿ ಈ ನೂರನ್ನು ಪುಡಿಗಾಸು ಎನ್ನುವುದುಂಟು. ಹಾಗಲ್ಲ. ನೂರು ದಿನದ ಕೂಲಿ ಎಂದರೆ ದುಡಿಯುವವನ ಮೂರು ತಿಂಗಳ ಅನ್ನ. ನಿಮಗಾದ ನೋವು ಸಣ್ಣದು ಎಂದು ಯೇಸುಸ್ವಾಮಿ ಎಲ್ಲೂ ಹೇಳಲಿಲ್ಲ. ಆ ನೂರನ್ನು ಪೂರ್ತಿ ಎಣಿಸಿ, ಆಮೇಲೆ ಬಿಡಬೇಕು. ‘ಏನೂ ಆಗಿಲ್ಲ, ಇರಲಿ’ ಎಂದು ಎಣಿಸದೆ ಬಿಟ್ಟದ್ದು ನಾಲ್ಕು ವರ್ಷದ ಮೇಲೆ ಯಾವುದೋ ಮದುವೆಯ ಊಟದ ಪಂಕ್ತಿಯಲ್ಲಿ ಕುದ್ದು ಮೇಲೆ ಬರುತ್ತದೆ.

ಎಣಿಸುವುದು ಹೀಗೆ. ಅವರು ಮಾಡಿದ್ದೇನು, ಅದರಿಂದ ನಾನು ಕಳೆದುಕೊಂಡದ್ದೇನು, ಅದಕ್ಕಾಗಿ ಅವರಿಂದ ಏನು ವಸೂಲಿ ಮಾಡಬೇಕೆಂದು ಕಾಯುತ್ತಿದ್ದೇನೆ. ಈ ಮೂರನೆಯದು ಮುಜುಗರ ತರುತ್ತದೆ. ಅವರು ಅವಮಾನಪಡಲಿ, ಅವರ ಮಕ್ಕಳೂ ಅವರಿಗೆ ಹೀಗೇ ಮಾಡಲಿ ಎಂಬ ಆಸೆ ಕಾಗದದ ಮೇಲೆ ಕಂಡಾಗ ನಾಚಿಕೆಯಾಗುತ್ತದೆ. ಬಿಟ್ಟುಕೊಡಬೇಕಾದದ್ದು ಆ ವಸೂಲಿಯನ್ನು. ‘ಈ ಬಾಕಿಯನ್ನು ಇನ್ನು ನಾನು ಕೇಳುವುದಿಲ್ಲ, ನಿನಗೆ ಒಪ್ಪಿಸಿದ್ದೇನೆ’ ಎಂದು ದೇವರಿಗೆ ಬಾಯಿಬಿಟ್ಟು ಹೇಳುವುದು. ಮನಸ್ಸಿನಲ್ಲಿ ಅಂದುಕೊಂಡರೆ ಸಾಲದು, ದನಿ ಹೊರಡಬೇಕು. ಯಾಕೆಂದರೆ ನೆನಪು ಮರಳಿ ಬಂದಾಗ ‘ಅವತ್ತು ಹೇಳಿಯಾಗಿದೆ’ ಎಂದು ತೋರಿಸಲು ಒಂದು ದಿನಾಂಕ ಬೇಕು. ಏಳೆಪ್ಪತ್ತು ಸಲ ಕ್ಷಮಿಸು ಎಂದು ಯೇಸುಸ್ವಾಮಿ ಪೇತ್ರನಿಗೆ ಹೇಳಿದ್ದನ್ನು ಹೊಸ ತಪ್ಪುಗಳಿಗೆ ಮಾತ್ರ ಅನ್ವಯಿಸುತ್ತೇವೆ. ಒಂದೇ ಹಳೆಯ ತಪ್ಪನ್ನು, ನೆನಪಾದಾಗಲೆಲ್ಲ, ಏಳೆಪ್ಪತ್ತು ಸಲ ಬಿಡಬೇಕಾಗುವುದೇ ಹೆಚ್ಚು.

ಇಚ್ಛೆ ಮೊದಲು, ಭಾವನೆ ಆಮೇಲೆ. ನೆದರ್ಲೆಂಡ್ಸಿನ ಕೋರಿ ಟೆನ್ ಬೂಮ್ ಯಹೂದಿಗಳನ್ನು ಮನೆಯಲ್ಲಿ ಬಚ್ಚಿಟ್ಟದ್ದಕ್ಕಾಗಿ ಸೆರೆಯಾಗಿ ನಾಜಿಗಳ ರಾವೆನ್ಸ್‌ಬ್ರೂಕ್ ಶಿಬಿರ ಸೇರಿದವರು. ಅಕ್ಕ ಬೆಟ್ಸಿ 1944ರ ಡಿಸೆಂಬರಿನಲ್ಲಿ ಅಲ್ಲೇ ತೀರಿಕೊಂಡರು. 1947ರಲ್ಲಿ ಮ್ಯೂನಿಕ್‌ನ ಒಂದು ಚರ್ಚಿನಲ್ಲಿ ಕ್ಷಮೆಯ ಬಗ್ಗೆ ಮಾತಾಡಿ ಇಳಿದಾಗ, ಆ ಶಿಬಿರದ ಕಾವಲುಗಾರನಾಗಿದ್ದವನು ಕೈ ಚಾಚಿ ಎದುರು ನಿಂತ. ಅವರಿಗೆ ಪ್ರೀತಿ ಬರಲಿಲ್ಲ, ಕೈ ಏಳಲಿಲ್ಲ. ಕೈಯನ್ನಷ್ಟೇ ನಾನು ಎತ್ತಬಲ್ಲೆ, ಉಳಿದದ್ದನ್ನು ನೀನು ಕೊಡು ಎಂಬ ಭಾವದಿಂದ ಪ್ರಾರ್ಥಿಸಿ ಕೈ ಕೊಟ್ಟರು. ಬೆಚ್ಚಗಿನ ಭಾವ ಬಂದದ್ದು ಕೈ ಹಿಡಿದ ಮೇಲೆ. ನಮ್ಮ ಅತ್ತಿಗೆ, ಮೈದುನ, ಮೇಲಧಿಕಾರಿಗಳ ವಿಷಯದಲ್ಲೂ ಕೈ ಎತ್ತುವಷ್ಟು ಒಂದು ಸಣ್ಣ ಕೆಲಸವನ್ನು ಗೊತ್ತುಮಾಡಿಕೊಳ್ಳಬಹುದು. ಅವರ ಬಗ್ಗೆ ಇತರರು ಆಡಿಕೊಳ್ಳುವಾಗ ಮಾತು ಸೇರಿಸದಿರುವುದು, ದಿನಕ್ಕೊಮ್ಮೆ ಅವರ ಹೆಸರು ಹೇಳಿ ಒಂದು ನಿರ್ದಿಷ್ಟ ಒಳಿತನ್ನು ಬೇಡುವುದು, ಮಂಡಿನೋವು ಕಡಿಮೆಯಾಗಲಿ, ಮಗನಿಗೆ ಕೆಲಸ ಸಿಗಲಿ ಎಂದು. ಮೊದಮೊದಲು ಹಲ್ಲು ಕಚ್ಚಿಕೊಂಡೇ ಹೇಳಬೇಕಾಗುತ್ತದೆ, ಹಾಗೇ ಹೇಳಿ.

ಕ್ಷಮಿಸುವುದು ಬೇರೆ, ನಂಬುವುದು ಬೇರೆ. ತನ್ನನ್ನು ಹಿಂದೆ ಮಾರಿಬಿಟ್ಟಿದ್ದ ಅಣ್ಣಂದಿರು ಐಗುಪ್ತಕ್ಕೆ ಬಂದಾಗ ಯೋಸೇಫ ಕೂಡಲೇ ತನ್ನ ಗುರುತು ಹೇಳಲಿಲ್ಲ. ಒಬ್ಬ ತಮ್ಮನನ್ನು ಮಾರಿದವರು ಇನ್ನೊಬ್ಬ ತಮ್ಮನಾದ ಬೆನ್ಯಾಮೀನನನ್ನೂ ಬಿಟ್ಟುಹೋಗುತ್ತಾರೆಯೇ ಎಂದು ನೋಡಿದ. ಬೆನ್ಯಾಮೀನನ ಬದಲು ನಾನು ಆಳಾಗಿರುತ್ತೇನೆ ಎಂದು ಅಣ್ಣಂದಿರಲ್ಲೊಬ್ಬನಾದ ಯೆಹೂದ ಮುಂದೆ ಬಂದ ಮೇಲೆಯೇ (ಆದಿಕಾಂಡ 44:33) ಅತ್ತು ಅಪ್ಪಿಕೊಂಡ. ಹೊಡೆಯುವ ಗಂಡನನ್ನು, ಮಕ್ಕಳ ಮೇಲೆ ಕೈಹಾಕಿದ ಸಂಬಂಧಿಕನನ್ನು ಕ್ಷಮಿಸಿ ಅದೇ ಮನೆಗೆ ಹಿಂದಿರುಗು ಎಂದು ಯಾರಾದರೂ ವಚನ ತೋರಿಸಿ ಹೇಳಿದರೆ ಅವರು ಕ್ಷಮೆಯನ್ನು ಅರಿತವರಲ್ಲ. ಮೊದಲು ಸುರಕ್ಷಿತ ಜಾಗ, ಬೇಕಾದರೆ ಪೊಲೀಸು. ಕ್ಷಮೆ ವರ್ಷಗಳ ನಂತರ ದೂರದಿಂದಲೂ ಆಗಬಲ್ಲದು. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಗಂಡ ಗ್ರಹಾಂ ಸ್ಟೇನ್ಸ್ ಮತ್ತು ಇಬ್ಬರು ಗಂಡುಮಕ್ಕಳನ್ನು ಜೀವಂತ ಸುಟ್ಟವರನ್ನು ಕ್ಷಮಿಸಿದ್ದೇನೆ ಎಂದು ಗ್ಲಾಡಿಸ್ ಸ್ಟೇನ್ಸ್ ಬಹಿರಂಗವಾಗಿ ಹೇಳಿದರು, ಕುಷ್ಠರೋಗಿಗಳ ನಡುವಿನ ಕೆಲಸ ಮುಂದುವರಿಸಿದರು. ನ್ಯಾಯಾಲಯದ ಕೆಲಸ ತನ್ನ ಪಾಡಿಗೆ ನಡೆಯಿತು. ಮುಖ್ಯ ಅಪರಾಧಿಗೆ 2003ರಲ್ಲಿ ಮರಣದಂಡನೆ, 2005ರಲ್ಲಿ ಹೈಕೋರ್ಟು ಅದನ್ನು ಜೀವಾವಧಿಗೆ ಇಳಿಸಿತು, 2011ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಕ್ಷಮೆ ಒಂದು ಕಡೆ, ಕಾನೂನು ಇನ್ನೊಂದು ಕಡೆ, ಎರಡೂ ಸರಿ.

ಇನ್ನು ಕ್ಷಮೆ ಕೇಳಬೇಕಾದವರು ತೀರಿಕೊಂಡಿದ್ದರೆ? ಅವರಿಗೆ ಹೇಳಬೇಕಾದದ್ದನ್ನು ಅವರನ್ನೇ ಉದ್ದೇಶಿಸಿ ಪತ್ರದಂತೆ ಬರೆದು, ದೇವರ ಮುಂದೆ ಗಟ್ಟಿಯಾಗಿ ಓದಬೇಕು. ಮೇಲೆ ಹೇಳಿದ ಮೂರು ವಾಕ್ಯಗಳ ಕ್ರಮ ಇಲ್ಲಿಯೂ ನಡೆಯುತ್ತದೆ. ಸರಿಪಡಿಸುವ ಮೂರನೆಯ ವಾಕ್ಯದಲ್ಲಿ ಮಾತ್ರ ಜನ ತಡವರಿಸುತ್ತಾರೆ. ಅದಕ್ಕೂ ಅರಣ್ಯಕಾಂಡ 5:8ರಲ್ಲಿ ದಾರಿಯಿದೆ. ನಷ್ಟಪರಿಹಾರವನ್ನು ತೆಗೆದುಕೊಳ್ಳಲು ಹತ್ತಿರದ ಸಂಬಂಧಿಯೂ ಇಲ್ಲದಿದ್ದರೆ ಅದು ಕರ್ತನಿಗೆ ಸಲ್ಲಬೇಕು, ಯಾಜಕನ ಕೈ ಸೇರಬೇಕು ಎಂದು ಅಲ್ಲಿದೆ. ಆದ್ದರಿಂದ ಬಾಕಿಯಿದ್ದ ದುಡ್ಡು ಅವರ ಮಕ್ಕಳಿಗೆ ಹೋಗಲಿ, ಯಾಕೆ ಕೊಡುತ್ತಿದ್ದೀರೆಂದು ಅವರಿಗೆ ಹೇಳಿಯೇ ಕೊಡಿ. ಮಕ್ಕಳಿಲ್ಲದಿದ್ದರೆ ಅವರಂಥದೇ ಅವಸ್ಥೆಯಲ್ಲಿರುವ ಇನ್ನೊಬ್ಬರಿಗೆ, ಐದನೆಯ ಒಂದು ಪಾಲು ಸೇರಿಸಿ, ಹೆಸರು ಹೇಳದೆ. ಆಡದೆ ಬಿಟ್ಟ ಒಳ್ಳೆಯ ಮಾತು ಬಾಕಿಯಿದ್ದರೆ, ಅದನ್ನು ಅವರ ಹತ್ತಿರದವರಲ್ಲಿ ಬದುಕಿರುವ ಯಾರಿಗಾದರೂ ಈ ವಾರದೊಳಗೆ ಹೋಗಿ ಹೇಳಿ ಬನ್ನಿ.